ಉಳೀಬೇಕಾದ್ರೆ ಇಟ್ಟೋಗು

"ಇದು ಕೈಯಲ್ಲಿ ಮಾಡಿದ್ದೋ, ಕಾಲಲ್ಲಿ ಮಾಡಿದ್ದೋ?"

ಗೋವಿಂದಸಾಮಿ ಆಚಾರಿ, ನಿಶಾಂತ್ ಕೆತ್ತಿದ್ದ ಮರದ ಮುಖವನ್ನು ತಲೆಯ ಮೇಲೆತ್ತಿ ಹಿಡಿದು, ಇಡೀ ಶೆಡ್ಡಿಗೆ ಕೇಳುವ ಹಾಗೆ ಕೇಳಿದರು. ಒಂಬತ್ತು ಜನರ ಕೆಲಸ ನಿಂತಿತು. ತಮ್ಮ ಗುಡಿಯ ಬಾಗಿಲಿನ ಕೆತ್ತನೆ ಎಲ್ಲಿಗೆ ಬಂತೆಂದು ನೋಡಲು ಧಾರಾಪುರಂನಿಂದ ಬಂದಿದ್ದ ಗುಡಿಯವರೂ ತಿರುಗಿದರು.

"ಅಮ್ಮನ ಮುಖ ಕೆತ್ತಪ್ಪಾ ಅಂದ್ರೆ, ಹಲ್ಲುನೋವು ಬಂದ ಪೊಲೀಸಪ್ಪನ್ನ ಕೆತ್ತಿ ತಂದವ್ನೆ ನಮ್ಮ ಮೈಸೂರು ಮಹಾರಾಜ!"

ನಗು ತಗಡಿನ ಸೂರಿಗೆ ಬಡಿದು ಕೆಳಗೆ ಬಿತ್ತು. ಬಾಯಲ್ಲಿ ಟೀ ಇದ್ದವನು ಉಗುಳಿಕೊಂಡು ನಕ್ಕ. ನಗದೆ ಇದ್ದವನು ಒಬ್ಬನೇ, ಅದೇ ಮುಖಕ್ಕೆ ನಿಶಾಂತನ ಜೊತೆ ಪೈಪೋಟಿಗಿದ್ದ ಮಣಿಕಂಠನ್. ಆ ನಗದ ಮುಖವೇ ನಿಶಾಂತನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು.

ನಿಶಾಂತ್ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೈಸೂರಿನಿಂದ ತಿರುಪ್ಪೂರಿಗೆ ಬಂದು ಎರಡು ವರ್ಷ ಬನಿಯನ್ ಕಂಪನಿಯಲ್ಲಿ ದಾರ ಕತ್ತರಿಸಿದ್ದ. ಮೂಗಿನೊಳಗೆಲ್ಲ ಹತ್ತಿ ತುಂಬಿಕೊಂಡು, ಕೆಮ್ಮಿದರೆ ಬಣ್ಣದ ಎಳೆ ಬರುತ್ತಿತ್ತು. ತೊಂಡಾಮುತ್ತೂರಿನ ಈ ಕೆತ್ತನೆ ಶೆಡ್ಡಿಗೆ ಸೇರಿ ಈಗ ಆರು ತಿಂಗಳು. ಖಾಯಂ ಜಾಗ ಇದ್ದದ್ದು ಒಂದೇ. ಗುಡಿಯ ತೇಗದ ಬಾಗಿಲಿಗೆ ದೇವಿ ಅಮ್ಮನ ಮುಖ ಕೆತ್ತಿ, ಮುಂದಿನ ಶನಿವಾರ ಕೊನೆಯದಾಗಿ ಕಣ್ಣು ಕೆತ್ತಿ ಬಿಡಿಸುವವನಿಗೆ ಆ ಜಾಗ. ಸೋತವನು ಹೊರಗೆ. ಮಣಿಗೆ ಅಪ್ಪನ ತೋಟವಿತ್ತು. ನಿಶಾಂತನಿಗೆ ಇದ್ದದ್ದು ಮತ್ತದೇ ದಾರ, ಅದೇ ಹತ್ತಿ.

ಮಣಿ ಎಡಚ. ಗೆಳೆಯರ ಜೊತೆ ಮಾತಾಡುತ್ತಲೇ ಕೆತ್ತುತ್ತಿದ್ದ. ಅವನ ಅಲಗಿನ ಕೆಳಗೆ ಮರ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು, ನಿಶಾಂತನ ಅಲಗಿನ ಕೆಳಗೆ ಪುಡಿಪುಡಿಯಾಗಿ. ಮೇಲಿಂದ ಆ ಮಣಿ ದಿನಾ ಅರ್ಧ ಮೊಸರನ್ನ ಇವನ ಕಡೆ ತಳ್ಳಿ "ತಿನ್ನು ತಂಬಿ" ಅನ್ನುತ್ತಿದ್ದ. ಒಳ್ಳೆಯವನಾಗಿರುವುದೂ ಒಂದು ಸೊಕ್ಕೇ ಎಂದು ನಿಶಾಂತ್ ಪ್ರತಿ ತುತ್ತಿಗೂ ಅಂದುಕೊಳ್ಳುತ್ತಿದ್ದ.

"ನನ್ನ ಉಳಿ ಸರಿಯಿಲ್ಲ," ಎಂದ ನಿಶಾಂತ್.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೋಗು, ಹಿಂದುಗಡೆ ನಮ್ಮತ್ತಿಗೆ ಇದಾಳೆ. ಒಳ್ಳೇದೊಂದು ಆರಿಸ್ಕೊ," ಎಂದರು ಆಚಾರಿ.

ಆ ಶೆಡ್ಡಿನಲ್ಲಿ ಅಲಗಿರುವುದೆಲ್ಲ ಉಳಿಯೇ. ಸುತ್ತಿಗೆಯಿಂದ ಹೊಡೆಯುವುದೂ ಉಳಿ, ಕೈಯಲ್ಲಿ ಹಿಡಿದು ಕೆತ್ತುವ ಚಾಕೂ ಉಳಿ. ದಿನವಿಡೀ ತಮಿಳಿನಲ್ಲಿ ಉಳಿ ಎಡು, ಉಳಿ ವೈ, ಅಂದರೆ ಉಳಿ ತಗೋ, ಉಳಿ ಇಡು ಎಂದು ಕೇಳಿ ಕೇಳಿ, ನಿಶಾಂತನ ಕಿವಿಯಲ್ಲಿ ಆ ಪದಕ್ಕೆ ಅದೊಂದೇ ಅರ್ಥ ಉಳಿದಿತ್ತು.

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಬೇವಿನೆಣ್ಣೆ, ಒದ್ದೆ ಸಾಣೆಕಲ್ಲು, ಹಳೇ ಬೀಟೆಮರದ ಹುಳಿ ವಾಸನೆ. ಆಚಾರಿಯ ಅತ್ತಿಗೆ ಪಳನಿಯಮ್ಮ ಶನಿವಾರಕ್ಕೊಮ್ಮೆ ಪೇರೂರಿನಿಂದ ಬಂದು ಶೆಡ್ಡಿನ ಅಲಗುಗಳನ್ನೆಲ್ಲ ಸಾಣೆ ಹಿಡಿದು ಹೋಗುವ ಮುದುಕಿ. ಎರಡು ಕಣ್ಣಿಗೂ ಪೊರೆ. ಕಿವಿಯಿಂದ ಕೇಳಿ, ಹೆಬ್ಬೆರಳಿಂದ ಸವರಿ ಸಾಣೆ ಹಿಡಿಯುವವಳು. ಕನ್ನಡ ಮನೆಮಾತಿನವರು, ತಲೆತಲಾಂತರದಿಂದ ಇಲ್ಲೇ ನಿಂತ ಮನೆತನ. ಆಕೆಯ ಕನ್ನಡಕ್ಕೆ ತಮಿಳಿನ ಎಳೆತವಿತ್ತು.

"ಬಾ ಕಣ್ಣು, ಕೂರು." ಮಗು ಅನ್ನುವ ಹಾಗೆ ಎಲ್ಲರನ್ನೂ ಕಣ್ಣು ಅನ್ನುವವಳು, ಗೋಣಿಯ ಮೇಲೆ ಏಳೆಂಟು ಚಾಕು ಹರಡಿದಳು. "ಅಂದ ಪಾರ್ತು, ಚೆಂದ ನೋಡಿ ಆರಿಸ್ಬ್ಯಾಡ. ಅಲಗು ನಿನ್ನ ಹೆಬ್ಬೆರಳಷ್ಟೇ ಇರ್ಲಿ. ಉದ್ದಲಗು ಪೊಗರಿಗೆ, ಗಿಡ್ಡಲಗು ಕೆಲ್ಸಕ್ಕೆ. ಉಗುರಿನ ಮ್ಯಾಲೆ ಇಟ್ಟು ನೋಡು, ಜಾರಿದ್ರೆ ಬ್ಯಾಡ, ಕಚ್ಚಿದ್ರೆ ಸರಿ. ಬೆಳಕಿಗೆ ಹಿಡಿ. ಅಂಚು ಕಂಡ್ರೆ ಮೊಂಡು. ಒಳ್ಳೇ ಉಳಿಗೆ ಅಂಚೇ ಕಾಣಲ್ಲ."

ಅವನು ಒಂದೊಂದನ್ನೂ ಎತ್ತಿ ಶಿವನೆ ಮರದ ತುಂಡಿನ ಮೇಲೆ ನಾರಿಗೆ ಅಡ್ಡಲಾಗಿ ಎಳೆದ. ಒಂದು ಹರಿಯಿತು. ಒಂದು ಜಗಿಯಿತು. ಒಂದರ ಹಿಡಿ ಅಂಗೈಗೆ ಚುಚ್ಚಿತು. ಯಾವುದೂ ಮಣಿಯ ಸುರುಳಿ ಕೊಡಲಿಲ್ಲ. ಆಗ ಪೆಟ್ಟಿಗೆಯ ಮೂಲೆಯಲ್ಲಿ ಅರಿಶಿನ ಬಟ್ಟೆಯ ಗಂಟು ಕಂಡಿತು. ಬಿಚ್ಚಿದ. ಹುಣಿಸೆ ಹಿಡಿಯ ಸಣ್ಣ ಚಾಕು. ಹಿಡಿಗೆ ಕಪ್ಪು ಕೂದಲು ಸುತ್ತಿತ್ತು. ಮರಕ್ಕೆ ಮುಟ್ಟಿಸಿದ ಅಷ್ಟೇ, ಒಂದು ಸುರುಳಿ ಎದ್ದು ಅವನ ಬೆರಳಿಗೆ ಉಂಗುರದಂತೆ ಸುತ್ತಿಕೊಂಡಿತು.

ಪಳನಿಯಮ್ಮನ ಕೈ ಕಲ್ಲಿನ ಮೇಲೆ ನಿಂತುಹೋಯಿತು. ಆ ಸದ್ದು ಅವಳಿಗೆ ಗೊತ್ತಿತ್ತು.

"ಅದು ಬ್ಯಾಡ, ಕಣ್ಣು. ಅದು ನಮ್ಮ ವೀಟುಕಾರ್ರದು. ಲಿಂಗಪ್ಪನ್ ಅಂತ."

"ನಿಮ್ಮ ಯಜಮಾನರದಾ? ಅವರು ಬಂದು ಕೇಳ್ತಾರಾ ಈಗ?"

"ಅವ್ರಿಗೆ ವೆಲ್ಲಿಂಗಿರಿ ಅನ್ನೋನ ಕೈ ಪಾರ್ತು ಹೊಟ್ಟೆಉರಿ. ಆನೆಮಲೆ ಕಡೆ ಹೋಗಿ ಈ ಉಳಿಗೆ ಮಾಟ ಮಾಡಿಸ್ಕೊಂಡು ಬಂದ್ರು. ಯಾರ ಕೈ ಮ್ಯಾಲೆ ನಿನ್ನ ಕಣ್ಣೋ, ಆ ಕೈ ನಿನಗೆ ಬರ್ತದೆ. ವೆಲ್ಲಿಂಗಿರಿ ಕೈ ಒಣಗೋಯ್ತು."

"ನಿಮ್ಮೋರಿಗೆ ಏನಾಯ್ತು?"

ಮುದುಕಿ ಸಾಣೆಕಲ್ಲಿಗೆ ನೀರು ಚಿಮುಕಿಸಿದಳು. "ಹನ್ನೊಂದು ವರ್ಷ ನಾನೇ ಕೈ ಹಿಡ್ದು ನಡೆಸ್ದೆ. ಬಚ್ಚಲಿಗೂ."

ನಿಶಾಂತ್ ಜೋರಾಗಿ ನಕ್ಕ. "ಅಜ್ಜೀ, ಇಷ್ಟೊಳ್ಳೇ ಉಕ್ಕಿಗೆ ಮಂತ್ರ ಯಾಕೆ ಬೇಕು? ಮಾಟ ಅಂತೆ! ಆಮೇಲೆ ನಿಂಬೆಹಣ್ಣು ಯಾವಾಗ ಹೊರಗೆ ಬರುತ್ತೆ?"

ಅವಳು ನಗಲಿಲ್ಲ. ಎಣ್ಣೆ ಬಟ್ಟಲಿಗಾಗಿ ಗೋಡೆಯ ಕಡೆ ತಿರುಗುತ್ತಾ, ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದಳು.

"ಉಳೀಬೇಕಾದ್ರೆ ಇಟ್ಟೋಗು."

ನಿಶಾಂತನ ಕಿವಿಗೆ ಬಿದ್ದದ್ದು ಬೇರೆ. ಉಳಿ ಬೇಕಾದ್ರೆ ಇಟ್ಟೋಗು. ಅಂದರೆ, ಉಳಿ ಬೇಕಿದ್ದರೆ ಬದಲಿಗೆ ಏನಾದರೂ ಇಟ್ಟು ಹೋಗು. ಓಹೋ, ವ್ಯಾಪಾರ! ಇಷ್ಟಕ್ಕೆ ಇಷ್ಟೊಂದು ನಾಟಕ. ಸೊಂಟದಿಂದ ತನ್ನ ಹಳೇ ಚಾಕು ತೆಗೆದ. ಮೈಸೂರಿನಿಂದ ತಂದದ್ದು, ಹುಡುಗನಾಗಿದ್ದಾಗಿನದು. ಎಂಟು ವರ್ಷ ಬಲಗೈಯಲ್ಲಿ ಸವೆದು ಅವನ ಬೆರಳುಗಳ ಗುಳಿಯೇ ಹಿಡಿಯಲ್ಲಿ ಮೂಡಿತ್ತು. ಅದನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಅದೇ ಮೂಲೆಯಲ್ಲಿ ಇಟ್ಟ. ಹುಣಿಸೆ ಹಿಡಿಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇಟ್ಟಿದೀನಿ ಅಜ್ಜಿ."

"ನಲ್ಲದು ಕಣ್ಣು, ಒಳ್ಳೇದಾಯ್ತು," ಎಂದಳು ಮುದುಕಿ, ಬೆನ್ನು ಹಾಕಿಕೊಂಡೇ. ಅವಳ ಭುಜ ಸಡಿಲವಾಯಿತು.

ಅಂದು ಸಂಜೆ ಆರಕ್ಕೆ, ಕಿಕ್ಕಿರಿದ ಟೌನ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನಿಶಾಂತನ ಬಲ ಅಂಗೈ ಉರಿಯಿತು. ಯಾರೋ ಒದ್ದೆ ಕಲ್ಲಿನ ಮೇಲೆ ಹಾಕಿ ತೀಡಿದಂತೆ. ಗರ್ರ್. ಗರ್ರ್. ಗರ್ರ್. ಕಂಬಿ ಬಿಟ್ಟು ನೋಡಿಕೊಂಡ. ಏನೂ ಇರಲಿಲ್ಲ. ಆಮೇಲೆ ನೀರಲ್ಲಿ ಮುಳುಗಿದಂತೆ ತಣ್ಣಗಾಯಿತು.

ಸೋಮವಾರ ಹೊಸ ತುಂಡು ತೇಗಕ್ಕೆ ಕೂತ. ಚಾಕು ಬಲಗೈಯಿಂದ ಜಾರಿತು. ಎತ್ತಿದ. ಜಾರಿತು. ಮೂರನೇ ಸಲ ನೋಡಿದರೆ ಅದು ಎಡಗೈಯಲ್ಲಿತ್ತು. ಯಾವಾಗ ಬಂತೋ ಅವನಿಗೆ ಗೊತ್ತಿಲ್ಲ. ಎಡಗೈ ಕೆತ್ತತೊಡಗಿತು. ಅವನು ಬರೀ ನೋಡುತ್ತಾ ಕೂತ. ಹಣೆ ಎದ್ದಿತು. ಮೂಗು ಎದ್ದಿತು. ತುಟಿಯ ಅಂಚಿಗೆ, ಈಗಷ್ಟೇ ಮಾತು ನಿಲ್ಲಿಸಿದವಳ ನಗು ಬಂತು. ಸುರುಳಿಗಳು ಬಿದ್ದವು. ಅವುಗಳಿಂದ ತೇಗದ ವಾಸನೆ ಬರಲಿಲ್ಲ. ಸುಟ್ಟ ಕೂದಲಿನ ವಾಸನೆ.

ಅತ್ತ ಮಣಿಯ ಚಾಕು ಠಣ್ಣೆಂದು ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದ, ಬೆರಳು ಮಡಚಲಿಲ್ಲ. ನಿಶಾಂತನ ಎದೆಯಲ್ಲಿ ಬೆಲ್ಲ ಕರಗಿತು. ಬುಧವಾರ ಮಣಿ ಎಡಗೈಯನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡು ಬಂದ. ಕೊಯಮತ್ತೂರಿನ ಡಾಕ್ಟರು ನರ ಅಂದರಂತೆ. ಆದರೂ ಬಲಗೈಯಿಂದಲೇ ಮೊಸರನ್ನದ ಡಬ್ಬಿ ತಳ್ಳಿದ. "ತಿನ್ನು ತಂಬಿ." ನಿಶಾಂತ್ ತಿಂದ. ಎಡಗೈಯಲ್ಲೇ ತಿಂದ. ಬಲಗೈಗೆ ಅನ್ನದ ಬಿಸಿಯೇ ಗೊತ್ತಾಗುತ್ತಿರಲಿಲ್ಲ.

ಶುಕ್ರವಾರ ಆಚಾರಿ ಎರಡು ಮುಖ ನೋಡಿದರು. ಒಂದು ಅರ್ಧಕ್ಕೆ ನಿಂತದ್ದು. ಇನ್ನೊಂದನ್ನು ಎತ್ತಿಕೊಂಡವರ ಕಣ್ಣು ತುಂಬಿತು.

"ಭೇಷ್ ಮಣಿ! ಈ ಎಡಗೈ ವಾರೆ ಯಾರಿಗೆ ಬರತ್ತೆ ಹೇಳು!"

"ನಂದಲ್ಲಣ್ಣಾ," ಎಂದ ಮಣಿ. "ತಂಬಿದು."

"ನಾನೇ ಮಾಡಿದ್ದು!" ನಿಶಾಂತ್ ಕೂಗಿದ. ಒಂಬತ್ತು ಜನ ಅವನನ್ನು ನೋಡಿದರು. ಯಾರ ಮುಖದಲ್ಲೂ ನಂಬಿಕೆಯಿಲ್ಲ. ಇಷ್ಟು ದಿನ ಕಾದ ಮೆಚ್ಚುಗೆ ಎದುರಿಗೇ ಬಂದು, ಪಕ್ಕದವನ ಕೊರಳಿಗೆ ಬಿದ್ದಿತ್ತು.

"ಹಂಗಾದ್ರೆ ನಾಳೆ ನೀನೇ ಕಣ್ಣು ಬಿಡಿಸು," ಎಂದರು ಆಚಾರಿ. "ಪಾರ್ಕಲಾಮ್, ನೋಡೋಣ."

ಶನಿವಾರ. ಪಾಲಕ್ಕಾಡಿನ ಕಣಿವೆಯಿಂದ ಗಾಳಿ ಹುಚ್ಚೆದ್ದಿತ್ತು. ಧೂಳು ಬರದಂತೆ ಶಟರ್ ಎಳೆದಿದ್ದರು. ಮಧ್ಯಾಹ್ನವೇ ಕರೆಂಟ್ ಹೋಯಿತು. ಕಣ್ಣು ಬಿಡಿಸುವಾಗ ಅಮ್ಮನ ಎದುರು ಕೆತ್ತುವವನೊಬ್ಬನೇ ಇರಬೇಕು. ಬಾಗಿಲಿಗೂ ಜನಕ್ಕೂ ನಡುವೆ ಪರದೆ ಎಳೆದರು. ಒಳಗೆ ಒಂದು ಎಣ್ಣೆದೀಪ. ಕರ್ಪೂರದ ಹೊಗೆ. ಬಾಗಿಲಿಗೆ ಕೂರಿಸಿದ, ಕಣ್ಣಿಲ್ಲದ ಆ ಮುಖ. ಹೊರಗೆ ಗಾಳಿಗೆ ತಗಡು ಹಲ್ಲು ಕಡಿಯುತ್ತಿತ್ತು.

ಎಡಗೈ ಎದ್ದಿತು. ಬಲಗಣ್ಣು ಬಿಡಿಸಿತು. ಸುರುಳಿ ಬಿತ್ತು. ಎಡಗಣ್ಣು ಬಿಡಿಸಿತು. ಸುರುಳಿ ಬಿತ್ತು. ಅಮ್ಮ ನೋಡಿದಳು.

ಮುಗಿಯಿತು. ಕೈ ಇಳಿಸಬೇಕು.

ಕೈ ಇಳಿಯಲಿಲ್ಲ.

ಮೊಣಕೈ ಮಡಚಿತು. ಚಾಕು ಅವನ ಕಡೆ ತಿರುಗಿತು. ಬಲಗೈಯಿಂದ ತಡೆಯಹೋದ. ಬಲಗೈ ಒದ್ದೆ ಬಟ್ಟೆಯಂತೆ ನೇತಾಡಿತು. ಬೆನ್ನು ಬಾಗಿಲಿಗೆ ಬಡಿಯಿತು. ಸುಟ್ಟ ಕೂದಲು ಮೂಗಿಗೆ ಅಡರಿತು. ಮಣಿಯ ಕೈ ಮೇಲೆ ಬಿದ್ದದ್ದು ಈ ಕಣ್ಣು. ಈಗ ಕೈ ಬಂದಿದೆ, ಕಣ್ಣಿಗೆ. ಹನ್ನೊಂದು ವರ್ಷ. ಬಚ್ಚಲಿಗೂ. ಅಲಗು ಹತ್ತಿರ ಬಂತು. ದೀಪ ಪಕ್ಕದಲ್ಲೇ ಇತ್ತು. ಅಂಚು ಕಾಣಲಿಲ್ಲ. ಒಳ್ಳೇ ಉಳಿ. ರೆಪ್ಪೆ ತಣ್ಣಗಾಯಿತು. ರೆಪ್ಪೆ ಬಿಸಿಯಾಯಿತು. ರಕ್ತ.

ಹೊರಗೆ ಪಳನಿಯಮ್ಮನ ಚೀರಾಟ. "ಅಯ್ಯೋ, ಅದು ನಮ್ಮೋರ ಉಳಿ ಸದ್ದು! ಕಣ್ಣೂ! ಉಳೀಬೇಕಾದ್ರೆ ಇಟ್ಟೋಗು ಅಂದೆನಲ್ಲೋ! ಜೀವ ಉಳೀಬೇಕಾದ್ರೆ!"

ಈಗ ಕೇಳಿಸಿತು. ಉಳಿ ಅಲ್ಲ. ಉಳಿಯುವುದು.

ಇಡಬೇಕು. ಬೆರಳು ಬಿಚ್ಚುತ್ತಿಲ್ಲ. ಅವು ತನ್ನ ಬೆರಳಲ್ಲ.

"ಮಣೀ!" ಗಂಟಲು ಹರಿಯುವಂತೆ ಕಿರುಚಿದ. "ನಂಗೆ ಬೇಡ! ನಿನ್ನ ಕೈ ನೀನೇ ತಗೊಳೋ!"

ಬೆರಳು ಬಿಚ್ಚಿತು. ಚಾಕು ನೆಲಕ್ಕೆ ಬಿದ್ದು ಎರಡು ತುಂಡಾಯಿತು.

ಪರದೆ ಸರಿದಾಗ ಅವನು ಬಾಗಿಲ ಬುಡದಲ್ಲಿ ಕೂತಿದ್ದ. ಸೀಳಿದ ರೆಪ್ಪೆಯಿಂದ ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಕಣ್ಣು ಉಳಿದಿತ್ತು. ಜನರ ಹಿಂದೆ ಮಣಿ ತನ್ನ ಎಡಗೈ ಎತ್ತಿ, ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದ.

ಪಳನಿಯಮ್ಮ ತಡವರಿಸುತ್ತಾ ಬಂದು ಅವನ ಪಕ್ಕ ಕುಕ್ಕರಿಸಿದಳು.

"ಅಜ್ಜಿ, ನನ್ನದೆಲ್ಲಿ?" ಪಿಸುಗುಟ್ಟಿದ. "ಅರಿಶಿನ ಬಟ್ಟೆಯಲ್ಲಿ ನನ್ನ ಉಳಿ ಕಟ್ಟಿಟ್ಟಿದ್ದೆ."

ಮುದುಕಿಯ ಬಾಯಿ ತೆರೆದುಕೊಂಡಿತು. "ಅದು ನಿಂದಾ? ನಮ್ಮೋರದು ಅಂದ್ಕೊಂಡೆ ಕಣ್ಣು. ನೀನು ಆಸೆಪಟ್ಟಿದ್ದು ಕಂಡು ಭಯ ಆಯ್ತು. ಇನ್ಯಾರೂ ಮುಟ್ಟಬಾರ್ದು ಅಂತ ಅವತ್ತೇ ಸಂಜೆ, ಹಿಡಿ ಮುಟ್ಟದೆ, ಬಟ್ಟೇಲಿ ಸುತ್ತಿದ್ದಂಗೇ ಕಲ್ಲಿಗೆ ಹಾಕಿ ಅಂಚೆಲ್ಲ ಸವೆಸ್ಬುಟ್ಟೆ. ನೊಯ್ಯಲ್ ಹೊಳೆಗೆ ಎಸೆದ್ಬುಟ್ಟೆ."

ನಿಶಾಂತ್ ಬಲ ಅಂಗೈಯನ್ನು ದೀಪಕ್ಕೆ ಹಿಡಿದ. ಎಂಟು ವರ್ಷದ ಜಡ್ಡು ಇರಲಿಲ್ಲ. ಗೆರೆಗಳೂ ಇರಲಿಲ್ಲ. ನದಿಯ ಕಲ್ಲಿನಂತೆ ನುಣ್ಣಗಿತ್ತು. ಮುಷ್ಟಿ ಕಟ್ಟಲು ನೋಡಿದ. ಒಂದು ಬೆರಳೂ ಅಲುಗಲಿಲ್ಲ.

ಗೋವಿಂದಸಾಮಿ ಆಚಾರಿ ಬಾಗಿಲ ಮುಂದೆ ನಿಂತೇ ಇದ್ದರು. ಅಮ್ಮನ ಕಣ್ಣು ಅವರನ್ನು ನೋಡುತ್ತಿತ್ತು. ಆಚಾರಿ ಮೆಲ್ಲಗೆ ತಿರುಗಿದರು. ಆರು ತಿಂಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ಮರ್ಯಾದೆ ಇತ್ತು.

"ತಂಬಿ, ಎಲ್ಲಾರ ಮುಂದೆ ಹೇಳಪ್ಪಾ. ಇದು ನಿನ್ನ ಕೈ ಮಾಡಿದ್ದಾ?"

ನಿಶಾಂತ್ ಎದ್ದ. ಬಲಗೈಯನ್ನು ಎಡಗೈಯಿಂದ ಎತ್ತಿ, ಜೇಬಿನೊಳಗೆ ಇಟ್ಟುಕೊಂಡ. ಮಣಿ ದಾರಿ ಬಿಟ್ಟ. ಶಟರ್ ಕೆಳಗೆ ತಲೆ ತಗ್ಗಿಸಿ, ಗಾಳಿಯೊಳಗೆ ಇಳಿದು, ತಿರುಪ್ಪೂರಿನ ಬಸ್ಸು ನಿಲ್ಲುವ ಕಡೆ ನಡೆದುಹೋದ.