ಉಜ್ಜಿನಪ್ಪನ ಜಾಗ

ಮುದುಕನ ಕಾಲರ್ ನನ್ನ ಕೈಯಲ್ಲಿತ್ತು. ಮಿಕ್ಕ ಮುದುಕ ಕಾಲುವೆಯಲ್ಲಿದ್ದ!

ತೊಂಬತ್ಮೂರರ ಮಾತು. ಡ್ಯಾಮಿನಿಂದ ನೀರು ಬಿಟ್ಟು ವಾರ ಕೂಡ ಆಗಿರಲಿಲ್ಲ. ಕಾಲುವೆ ತುಂಬಿ ಕೆಂಪಗೆ ಓಡುತ್ತಿತ್ತು. ಬೆಳಗಿನ ಶಿಫ್ಟಿಗೆ ಸೈಕಲ್ ಮೇಲೆ ಹೊರಟಿದ್ದವನನ್ನು ಏರಿಯ ಮೇಲೆ ನನ್ನ ರಾಜದೂತ್‌ನಲ್ಲಿ ಅಟ್ಟಿಸಿಕೊಂಡು ಬಂದಿದ್ದೆ. ವಯಸ್ಸಾದರೂ ಭಲೇ ತುಳಿದ! ತೂಬಿನ ಹತ್ತಿರ ಸೈಕಲ್ಲಿಗೆ ಒದ್ದೆ. ಅವನು ಏರಿಯ ಮೇಲೆ ಬೀಳಬೇಕಿತ್ತು. ಉರುಳಿ ನೀರಿಗೆ ಹೋದ. ಕಲ್ಲಿನ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡು ನೇತಾಡುತ್ತಿದ್ದ.

ಕೈ ಬಿಟ್ಟರೆ ಒಂದು ಕೆಲಸ ಮುಗಿಯುತ್ತಿತ್ತು. ಎಳೆದುಕೊಂಡರೆ ಇನ್ನೊಂದು.

ಅರ್ಥವಾಗಲಿಲ್ಲವಾ ಸಾಹೇಬ್ರೇ? ಹೇಳ್ತೀನಿ, ಕೇಳಿ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಒಂದು ನೂಲಿನ ಗಿರಣಿ. ಹೆಸರು ಬೇಡ. ಅಲ್ಲಿ ಇದ್ದದ್ದು ಎರಡೇ ಜಾತಿ... ಪರ್ಮನೆಂಟ್ ಮತ್ತು ಬದಲಿ. ಪರ್ಮನೆಂಟ್ ಒಬ್ಬ ಡ್ಯೂಟಿಗೆ ಬರದಿದ್ದರೆ, ಗೇಟಿನ ಮುಂದೆ ನಿಂತ ಬದಲಿಗಳಲ್ಲಿ ಒಬ್ಬನನ್ನು ಆವತ್ತಿನ ಮಟ್ಟಿಗೆ ಒಳಗೆ ಕರೀತಾರೆ. ಎಲ್ಲರೂ ಬಂದರೆ ಬದಲಿ ಬುತ್ತಿ ಬಿಚ್ಚದೆ ಮನೆಗೆ ಹೋಗಬೇಕು. ಮತ್ತೆ ಮುಂದಿನ ಶಿಫ್ಟಿಗೆ ಬಂದು ನಿಲ್ಲಬೇಕು. ಹಬ್ಬ ಇಲ್ಲ, ಮದುವೆ ಇಲ್ಲ, ಹೆಂಡತಿಯ ಹೆರಿಗೆ ಇಲ್ಲ. ಕರೆದಾಗ ಒಂದು ಸಲ ಇಲ್ಲದಿದ್ದರೆ ಸರದಿ ಹಿಂದಕ್ಕೆ!

ಯಾರಿಗಾದರೂ ಜ್ವರ ಬರಲಪ್ಪಾ ಅಂತ ದೇವರಿಗೆ ಕೈಮುಗಿಯುವ ಗಂಡಸರು ಆ ಗೇಟಿನಲ್ಲಿ ಬೇಕಾದಷ್ಟಿದ್ದರು. ದೇವರು ಕೇಳಿಸಿಕೊಳ್ಳದಿದ್ದರೆ ನನ್ನ ಹತ್ತಿರ ಬರುತ್ತಿದ್ದರು. ನನ್ನ ದಂಧೆಯೇ ಅದು.

ಪರ್ಮನೆಂಟ್ ಜನಕ್ಕೆ ರಜೆ ಕೊಡಿಸುವುದು!

ಮಾರೆಪ್ಪ ಪಾಪಿನಾಯಕನಹಳ್ಳಿಯವನು. ಬದಲಿಯಾಗಿ ನಿಂತೂ ನಿಂತೂ ತಲೆ ನರೆತಿತ್ತು. ಸರದಿಯಲ್ಲಿ ಈಗ ಅವನೇ ಮೊದಲು. ಕಾಲುವೆಗೆ ಬಿದ್ದ ಆ ಮುದುಕ ಉಜ್ಜಿನಪ್ಪ ಪರ್ಮನೆಂಟ್, ರಿಟೈರ್ ಆಗುವ ವಯಸ್ಸು. ಅವನ ಕಾಲು ಮುರಿದರೆ ಅವನು ರಿಟೈರ್ ಆಗುವವರೆಗೂ ತಾನು ದಿನಾ ಒಳಗೆ ಹೋಗಬಹುದು, ಆಮೇಲೆ ಜಾಗ ತನಗೇ ಖಾಯಂ ಆಗತ್ತೆ ಅಂತ ಅವನ ಲೆಕ್ಕಾಚಾರ. ಒಂದೇ ಷರತ್ತು ಹಾಕಿದ.

"ಸಾಯಬಾರ್ದಣ್ಣ. ಸರ್ವೀಸಿನ್ಯಾಗ ಸತ್ರ ನೌಕರಿ ಮಗನಿಗೆ ಹೋಗತೈತಿ."

ಅಡ್ವಾನ್ಸ್ ತಗೊಂಡೆ.

ಆಮೇಲೆ ಹಾಲಸ್ವಾಮಿ ಬಂದ. ಅದೇ ಉಜ್ಜಿನಪ್ಪನ ಮಗ. ಬಿ.ಕಾಂ. ಪಾಸು. ಬಳ್ಳಾರಿ, ಸಂಡೂರು, ಎಲ್ಲಿ ಇಂಟರ್‌ವ್ಯೂಗೆ ಹೋದರೂ ಎಕ್ಸ್‌ಪೀರಿಯನ್ಸ್ ಕೇಳುತ್ತಾರಂತೆ. ಕೆಲಸವೇ ಕೊಡದವರು ಎಕ್ಸ್‌ಪೀರಿಯನ್ಸ್ ಕೇಳಿದರೆ ಎಲ್ಲಿಂದ ತರಲಿ ಅಂತ ನನ್ನನ್ನೇ ಕೇಳಿದ. ನನಗೇನು ಗೊತ್ತು? ನಾನು ಇಂಟರ್‌ವ್ಯೂಗೆ ಹೋದವನೇ ಅಲ್ಲ. ನಿನಗೇನು ಬೇಕಪ್ಪಾ ಅಂದೆ. ನೆಲ ನೋಡುತ್ತಾ ಹೇಳಿದ.

"ಅಪ್ಪ ರಿಟೈರ್ ಆದ್ರ ನನಗೇನೂ ಸಿಗಂಗಿಲ್ರಿ. ಅಪ್ಪ ರಿಟೈರ್ ಆಗಬಾರ್ದು."

ಅವನ ಅಡ್ವಾನ್ಸೂ ತಗೊಂಡೆ. ಒಬ್ಬನಿಗೆ ಕಾಲು, ಒಬ್ಬನಿಗೆ ಹೆಣ. ಇಬ್ಬರಿಗೂ ಸೋಮವಾರ ಅಂತ ಹೇಳಿ, ಯಾರು ಜಾಸ್ತಿ ಕೊಡ್ತಾರೋ ನೋಡೋಣ ಅಂತ ಕೂತೆ. ಮಾರೆಪ್ಪ ಹೆಂಡತಿಯ ಬೆಂಡೋಲೆ ಮಾರಿ ಗೆದ್ದ.

ಹೀಗಾಗಿ ಸೋಮವಾರ ಕಾಲು ಮುರಿಯಬೇಕಿತ್ತು. ಮುದುಕ ನೋಡಿದರೆ ನೀರು ಕುಡಿಯುತ್ತಿದ್ದ!

"ಯಾರು ಕಳಿಸ್ಯಾರ ನಿನ್ನ?" ಅಂದ.

"ಮಾರೆಪ್ಪ. ಕಾಲು ಮುರಿಯಾಕ."

"ಹಂಗಾದ್ರ ಎಳಿ ಮ್ಯಾಲೆ. ಮುರುದು ಹೋಗು. ಪಾಪ, ಅವನೂ ಭಾಳ ವರ್ಷ ನಿಂತಾನ."

ಬಾಯಿ ಮುಚ್ಚಿಕೊಂಡು ಎಳೆಯಬಹುದಿತ್ತು. ಆದರೆ ಒಳ್ಳೆಯವರನ್ನು ಕಂಡರೆ ನನಗಾಗುವುದಿಲ್ಲ. ಮೈಯೆಲ್ಲ ಉರಿಯತ್ತೆ.

"ಇನ್ನೊಬ್ಬನೂ ಬಂದಿದ್ದ. ಅವನಿಗೆ ನಿನ್ನ ಹೆಣ ಬೇಕಂತ."

ಮುದುಕನ ಹೆಣದಿಂದ ನೌಕರಿ ಯಾರಿಗೆ ಸಿಗತ್ತೆ ಅಂತ ಗಿರಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

"ಮಗ ಇವತ್ತು ಮುಂಜಾನಿ ಸೈಕಲ್ಲಿಗೆ ಗಾಳಿ ಹೊಡೆದುಕೊಟ್ಟ" ಅಂದ ಮುದುಕ. "ಹುಟ್ಟಿದಾಗಿಂದ ಮೊದಲನೇ ಸಲ."

ಕಲ್ಲಿನಿಂದ ಬೆರಳು ತೆಗೆದುಬಿಟ್ಟ!

ಅವನ ಭಾರವೆಲ್ಲ ನನ್ನ ಕೈಗೆ ಬಂತು. ನಾನೂ ಜಾರಿದೆ. ಮೊಣಕಾಲು ಕಲ್ಲಿಗೆ ಉಜ್ಜಿ ಚರ್ಮ ಕಿತ್ತುಬಂತು. ಬಿಟ್ಟುಬಿಡೋಣ ಅಂದುಕೊಂಡೆ... ಅಷ್ಟರಲ್ಲಿ ಅವನ ಮುಖ ನೋಡಿದೆ. ದುಃಖ ಹೋಗಿ ಸಿಟ್ಟು ಬಂದಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡ.

"ಎಳಿಯಲೇ. ನನಗ ಗಿರಣಿಗೆ ಹೋಗಬೇಕು."

ಎಳೆದೆ. ಕಾಲು ಮುರಿಯಲು ನನ್ನಲ್ಲಿ ಕಸುವು ಉಳಿದಿರಲಿಲ್ಲ. ಅವನು ಸೈಕಲ್ ಎತ್ತಿಕೊಂಡು ಹೊರಟೇಹೋದ.

ಆ ವರ್ಷ ಗಿರಣಿಯವರು ಒಂದು ಹೊಸ ಸ್ಕೀಮ್ ತಂದಿದ್ದರು. ತಾನಾಗಿ ನೌಕರಿ ಬಿಟ್ಟವನಿಗೆ ಒಂದಿಷ್ಟು ದುಡ್ಡು. ಅವನ ಜಾಗ ಮಾತ್ರ ಅಲ್ಲಿಗೇ ರದ್ದು. ಬದಲಿಗೂ ಇಲ್ಲ, ಮಗನಿಗೂ ಇಲ್ಲ. ಯಾವ ಪರ್ಮನೆಂಟೂ ಅದಕ್ಕೆ ಒಪ್ಪಿರಲಿಲ್ಲ. ಉಜ್ಜಿನಪ್ಪ ಒದ್ದೆ ಬಟ್ಟೆಯಲ್ಲೇ ಹೋಗಿ ಸಹಿ ಹಾಕಿದ! ಮನೆಗೆ ಬಂದವನು ಸೈಕಲ್ಲನ್ನು ಮಗನ ಕೈಗೆ ಕೊಟ್ಟು, "ತಗೋ. ಗಾಳಿ ಐತಿ" ಅಂದನಂತೆ. ಬಂಡ್ರಿಯಲ್ಲಿದ್ದ ಮಗಳ ಮನೆಗೆ ಬಸ್ ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಸಂಜೆ ಇಬ್ಬರೂ ನನ್ನ ಮೇಲೆ ಬಿದ್ದರು. ಮಾರೆಪ್ಪನ ಕೈಯಲ್ಲಿ ಕುಡುಗೋಲು, ಹಾಲಸ್ವಾಮಿಯ ಕೈಯಲ್ಲಿ ಸೈಕಲ್ ಚೈನು. ಬಾಳೆ ತೋಟದಲ್ಲಿ ಬಿದ್ದು ಎದ್ದು ಓಡಿದೆ. ಕೊನೆಗೆ ಬಾವಿಯ ಕಟ್ಟೆಗೆ ಬೆನ್ನು ತಾಗಿತು. ಮುಂದೆ ದಾರಿ ಇಲ್ಲ... ಕುಡುಗೋಲು ಮೇಲೆದ್ದಿತು.

ಆಗ ಒಂದೇ ಮಾತು ಹೇಳಿದೆ. ಇಬ್ಬರ ಅಡ್ವಾನ್ಸೂ ಒಂದೇ ಜಾಗಕ್ಕೆ ಬಂದಿತ್ತು, ನಿಮ್ಮಿಬ್ಬರಲ್ಲಿ ಒಬ್ಬ ಅಡ್ಡ ಬರದಿದ್ದರೆ ಇನ್ನೊಬ್ಬನ ಕೆಲಸ ಆಗಿಹೋಗುತ್ತಿತ್ತು ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನನ್ನು ಮರೆತೇಬಿಟ್ಟರು!

ನಾನು ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದೆ. ಬೆಳಿಗ್ಗೆಯೇ ರದ್ದಾಗಿಹೋಗಿದ್ದ ನೌಕರಿಗೋಸ್ಕರ ಇಬ್ಬರು ಗಂಡಸರು ಬಾಳೆಗಿಡಗಳ ನಡುವೆ ಹೊಡೆದಾಡುತ್ತಿದ್ದರು. ಹಾಲಸ್ವಾಮಿಯ ಎರಡು ಬೆರಳು ಹೋದವು. ಮಾರೆಪ್ಪನ ಒಂದು ಕಣ್ಣು ಹೋಯಿತು. ಬಿಡಿಸಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಸುಳ್ಳು ಯಾಕೆ ಹೇಳಲಿ?

ಈ ಸುದ್ದಿ ಗಿರಣಿಯ ಲೇಬರ್ ಆಫೀಸರ್ ಕಿವಿಗೂ ಬಿತ್ತು. ಹೇಳಿಕಳಿಸಿದ. ಪೊಲೀಸರಿಗೆ ಕೊಡ್ತಾನೆ ಅಂದುಕೊಂಡು ಹೋದರೆ ಕುರ್ಚಿ ಕೊಟ್ಟ, ಟೀ ತರಿಸಿದ. ಜಾಗ ರದ್ದಾದರೂ ಮಷೀನು ತಿರುಗಲೇಬೇಕು, ಮಷೀನಿಗೆ ಆಳು ಬೇಕು, ಆ ಆಳು ಗಿರಣಿಯ ನೌಕರನಾಗಿರಬಾರದು ಅಂತ ಬಿಡಿಸಿ ಹೇಳಿದ.

"ನಿಮಗ ಜನ ಸಂಭಾಳಿಸೋದು ಗೊತ್ತೈತಿ. ಆಳು ಒದಗಿಸೋ ಕಾಂಟ್ರಾಕ್ಟ್ ತಗೋರಿ."

ಮೊದಲನೇ ದಿನ ಗೇಟಿನ ಮುಂದೆ ನನಗಾಗಿ ನಿಂತವರಲ್ಲಿ ಆ ಇಬ್ಬರೂ ಇದ್ದರು. ಒಬ್ಬ ಬ್ಯಾಂಡೇಜು ಕಟ್ಟಿದ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಒಬ್ಬ ಕೆಟ್ಟ ಕಣ್ಣು ನನಗೆ ಕಾಣದ ಹಾಗೆ ಮುಖ ತಿರುಗಿಸಿದ್ದ. ಊನ ಆದವರಿಗೆ ಅರ್ಧ ಕೂಲಿ ಅಂದೆ. ಇಬ್ಬರೂ ತಲೆಯಾಡಿಸಿದರು. ಉಜ್ಜಿನಪ್ಪ ನಡೆಸುತ್ತಿದ್ದ ಮಷೀನಿಗೇ ಇಬ್ಬರನ್ನೂ ನಿಲ್ಲಿಸಿದೆ. ಅಲ್ಲಿಗೆ ಒಬ್ಬನ ಕೂಲಿಯಲ್ಲಿ ಇಬ್ಬರು ಆಳು.

ಈಗ ನಾನು ಯಾರ ಮೈಯನ್ನೂ ಮುಟ್ಟುವುದಿಲ್ಲ ಸಾಹೇಬ್ರೇ. "ನಾಳಿಂದ ಬರಬ್ಯಾಡ" ಅಂದರೆ ಸಾಕು.