ಅರಿವಿಲ್ಲದ ಅಂಗಾಲು

“ಲಕ್ಷ್ಯ ಎಲ್ಲಿ ಐತಿ ನಿಂದು? ನೋಡಿಲ್ಲಿ, ಅಂಚು ಹೆಂಗ ಕೆಟ್ಟೈತಿ.”

ಸುಗುಣಮ್ಮ ಮಗ್ಗದ ಮೇಲಿನ ಸೀರೆಯನ್ನು ಬೆರಳಿನಿಂದ ತಟ್ಟಿದಳು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಸೊಸೆ ದೇವಿಕಾ ತಲೆ ಎತ್ತಲಿಲ್ಲ. ತಪ್ಪಿದ್ದು ಲಕ್ಷ್ಯವಲ್ಲ, ಕಾಲು. ಯಾವ ಹಲಗೆ ತುಳಿಯುತ್ತಿದ್ದೇನೆಂದು ಅಂಗಾಲಿಗೇ ತಿಳಿಯುತ್ತಿರಲಿಲ್ಲ... ಆರು ತಿಂಗಳಿನಿಂದ ಹೀಗೆ.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ ಅದು. ತಮ್ಮೂರು ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳಿಂದ ದೇವಿಕಾಳ ಬಿಳಿಚಿದ ಮುಖಕ್ಕೆ ಬಣ್ಣ ಬರಲಿಲ್ಲ. ಗಂಡ ಮಾರ್ಕಂಡೇಯ ಅವಳನ್ನು ರಾಯಚೂರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಹೊಟ್ಟೆಗೆ ಕೊಳವೆ ಇಳಿಸಿ ನೋಡಿ, ನಿಧಾನವಾಗಿ ತಿಳಿಸಿ ಹೇಳಿದರು. ಅವಳ ಮೈಯೇ ತನ್ನ ಜಠರದ ಒಳಪದರವನ್ನು ವೈರಿಯೆಂದು ಬಗೆದು ಸವೆಸುತ್ತಿದೆ. ಅದರಿಂದ ಉಂಡ ಅನ್ನದೊಳಗಿನ ಬಿ-ಹನ್ನೆರಡು ಜೀವಸತ್ವ ಮೈಗೆ ಹತ್ತುತ್ತಿಲ್ಲ. ರಕ್ತ ಕಡಿಮೆಯಾಗಿದೆ, ನರಗಳು ಸೋತಿವೆ. ಜೀವಮಾನವಿಡೀ ಅದರ ಸೂಜಿಮದ್ದು ಬೇಕು. ಜಠರದಲ್ಲಿ ನಾಲ್ಕು ಸಣ್ಣ ಗಡ್ಡೆಗಳೂ ಇವೆ, ನಿಧಾನವಾಗಿ ಬೆಳೆಯುವಂಥವು. ಸೋಮವಾರ ಬಂದರೆ ಕೊಳವೆಯಿಂದಲೇ ತೆಗೆಯಬಹುದು, ಬಿಟ್ಟರೆ ಭರವಸೆ ಕೊಡಲಾಗದು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಹೀಗಿತ್ತೇ ಎಂದೂ ಕೇಳಿದ್ದರು. ದೇವಿಕಾ ಇಲ್ಲವೆಂದಿದ್ದಳು.

ಸುಗುಣಮ್ಮ ಅತ್ತೆ ಮಾತ್ರವಲ್ಲ, ದೇವಿಕಾಳ ತಂದೆಯ ಒಡಹುಟ್ಟಿದ ಅಕ್ಕ. ತಮ್ಮ ವಂಶದಲ್ಲಿ ಇಂಥ ರೋಗವೇ ಇಲ್ಲ, ಮೈಗಳ್ಳತನಕ್ಕೆ ಆ ಡಾಕ್ಟರ್ ರೋಗದ ಹೆಸರು ಕೊಟ್ಟಿದ್ದಾನೆ, ಸೋಮವಾರ ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ಮಗ ನೂಲು ಸುತ್ತುತ್ತ ಕುಳಿತ. ದೇವಿಕಾಳಿಗೆ ಅಳುವೂ ಬರಲಿಲ್ಲ. ಕಾಲಿನ ಜೋಮು ಎದೆಯವರೆಗೂ ಏರಿದಂತಿತ್ತು...

ಭಾನುವಾರ ಬೆಳಿಗ್ಗೆ ಅಂಗಳದಿಂದ ಮಗ್ಗದವರೆಗೆ ನೆಲದ ಮೇಲೆ ರಕ್ತದ ಹೆಜ್ಜೆಗಳು. ಅವು ಸುಗುಣಮ್ಮನವು. ಅವಳು ಎಂದಿನಂತೆ ಬೈಯುತ್ತಲೇ ನಡೆದು ಬಂದಿದ್ದಳು.

“ಅತ್ತಿ, ನಿಮ್ಮ ಅಂಗಾಲಾಗ ಗಾಜಿನ ಬಳಿ ಚೂರು ನಟ್ಟೈತ್ರಿ. ಗೊತ್ತಾಗ್ಲಿಲ್ಲೇನ್ರಿ?”

ಸುಗುಣಮ್ಮ ಹಿಂತಿರುಗಿ ತನ್ನ ಹೆಜ್ಜೆಗಳನ್ನು ನೋಡಿದಳು. ಆಮೇಲೆ ಗುಂಡಿಯ ಅಂಚಿನಲ್ಲಿ ಕುಳಿತಳು.

“ನನ್ನ ಕಾಲು ಹಿಂಗಾಗಿ ಎರಡು ವರ್ಷ ಆತು. ನಮ್ಮವ್ವ ಕಡೀತನಕ ಗ್ವಾಡಿ ಹಿಡಕೊಂಡೇ ಅಡ್ಡಾಡಿದ್ಲು. ಅಕೀನೂ ಹಿಂಗ ಬಿಳಿಚಿಕೊಂಡೇ ಹೋದ್ಲು... ನಿನ್ನ ಕಾಲಿನ ರೋಗ ಖರೇ ಅಂತ ಒಪ್ಪಿದ್ರ, ನಂದೂ ಖರೇ ಆಗ್ತಿತ್ತವ್ವಾ.”

ದೇವಿಕಾ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚೂರು ಕಿತ್ತಳು. ಅತ್ತೆಗೆ ನೋಯಲಿಲ್ಲ. ನೋಯದಿದ್ದುದನ್ನು ಇಬ್ಬರೂ ನೋಡಿದರು.

ಸೋಮವಾರ ಮಗ್ಗ ನಿಂತಿತು. ರಾಯಚೂರಿನಲ್ಲಿ ದೇವಿಕಾಳನ್ನು ಒಳಗೆ ಕರೆಯುವ ಮುನ್ನ ಡಾಕ್ಟರು ರಕ್ತಸಂಬಂಧಿಗಳ ಬಗ್ಗೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಸುಗುಣಮ್ಮ ಚಪ್ಪಲಿ ಬಿಟ್ಟು, ಬಟ್ಟೆ ಸುತ್ತಿದ ಕಾಲನ್ನು ಮುಂದೆ ಚಾಚಿದಳು.