ಇಪ್ಪತ್ತಾರು ಗೂಟ

ಮಂಗಳವಾರ ಬೆಳಿಗ್ಗೆ ಆರು ನಲವತ್ತಕ್ಕೆ ಠಾಣೆಗೆ ಬಂದ ಪುರಾತತ್ವ ಸಂಶೋಧಕಿಗೆ ಮೊಣಕಾಲವರೆಗೂ ಕೆಸರು ಮೆತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಒಂಬೈನೂರು ವರ್ಷದ ಮೀನುಬೇಲಿಯಿದೆ, ಅದರ ಎಡಗಡೆಯ ಇಪ್ಪತ್ತಾರು ಗೂಟಗಳನ್ನು ನಿನ್ನೆ ಸಂಜೆ ನೀರಿಳಿದಾಗ ಯಾರೋ ಕಿತ್ತು ಸಾಗಿಸಿದ್ದಾರೆ ಎಂದಳು. ಹೋದ ತಿಂಗಳಷ್ಟೇ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ ಜಾಗ. ಅನುಮತಿಯಿಲ್ಲದೆ ಒಂದು ಕಲ್ಲು ಸರಿಸಿದರೂ ಅಪರಾಧ, ಎರಡು ವರ್ಷದವರೆಗೆ ಜೈಲು.

ಇನ್‌ಸ್ಪೆಕ್ಟರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಫ್‌ಐಆರ್ ಬರೆಸುವಷ್ಟರಲ್ಲಿ ಮೇಲಧಿಕಾರಿ ಎರಡು ಸಲ ಫೋನ್ ಮಾಡಿ, ಸಂಜೆಯೊಳಗೆ ಬಂಧನವಾಗಬೇಕು ಎಂದು ತಾಕೀತು ಮಾಡಿದರು. ಒಂಬೈನೂರು ವರ್ಷ ನೀರೂ ಕದಲಿಸದೆ ಬಿಟ್ಟಿದ್ದನ್ನು ಒಂದೇ ಸಂಜೆಯಲ್ಲಿ ಕಿತ್ತೆಸೆದವನ ಮೇಲೆ ಅವನಿಗೂ ನಿಜಕ್ಕೂ ಮೈ ಉರಿಯಿತು. ಸಿಕ್ಕಲಿ, ನೀರಿಳಿಸುತ್ತೇನೆ ಎಂದುಕೊಂಡೇ ಜೀಪು ಹತ್ತಿದ.

ಪಂಚನಾಮೆ ಏಳು ಹದಿನೈದಕ್ಕೆ ಶುರುವಾಯಿತು. ಎಂಟೂವರೆಗೆ ನೀರು ಮರಳುತ್ತದೆ, ಅಷ್ಟರಲ್ಲಿ ಮುಗಿಸಬೇಕು. ಠಾಣೆಯಲ್ಲಿ ಎಲ್ಲರೂ ಗಡಿಯಾರ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಪ್ಯಾಂಟು ಮಡಚಿ ಕೆಸರಿಗಿಳಿದು, ಕಿತ್ತ ಗುಳಿಗಳನ್ನು ಒಂದೊಂದಾಗಿ ಅಳೆದು ಬರೆದುಕೊಂಡ. ಬೇಲಿಯೆಂದರೆ ಗೂಟಗಳ ಎರಡು ಉದ್ದ ಸಾಲು. ಅವು ಒಂದನ್ನೊಂದು ಕೂಡುವ ಮೂಲೆಯಲ್ಲಿ ಕಲ್ಲು ಕಟ್ಟಿದ ತೊಟ್ಟಿ, ತೊಟ್ಟಿಯ ಕಡಲ ಕಡೆಯ ಬಾಯಿಗೆ ಒಂದು ಚಪ್ಪಟೆ ಕಲ್ಲು. ಕಲ್ಲು ಮುಚ್ಚಿದ್ದರೆ ಇಳಿಯುವ ನೀರಿನ ಜೊತೆ ಬಂದ ಮೀನು ಆ ತೊಟ್ಟಿಯಲ್ಲೇ ಸಿಕ್ಕಿಬೀಳುತ್ತದೆ. ಬಲಗಡೆಯ ನೂರಾ ಹನ್ನೆರಡು ಗೂಟಗಳಲ್ಲಿ ಒಂದೂ ಅಲುಗಿರಲಿಲ್ಲ.

ಇನ್‌ಸ್ಪೆಕ್ಟರ್ ಸಂಶೋಧಕಿಯ ನಿನ್ನೆಯ ಫೋಟೋ ತರಿಸಿ ನೋಡಿದ. ಅದರಲ್ಲಿ ಚಪ್ಪಟೆ ಕಲ್ಲು ತೊಟ್ಟಿಯ ಬಾಯಿ ಮುಚ್ಚಿತ್ತು. ಈಗ ಅದನ್ನು ಎತ್ತಿ ಪಕ್ಕದ ಬಂಡೆಗೆ ನೀಟಾಗಿ ಒರಗಿಸಿದ್ದರು. ಅವಸರದಲ್ಲಿ ಕದಿಯುವವನಿಗೆ ಇಷ್ಟು ವ್ಯವಧಾನ ಎಲ್ಲಿಂದ ಬಂತು? ಪಂಚರಲ್ಲೊಬ್ಬನಾಗಿ ನಿಂತಿದ್ದ ದೋಣಿಯವನನ್ನು ಕರೆದ.

"ಈ ಕಲ್ಲು ಯಾಕೆ ತೆಗೆದಿಟ್ಟಿದ್ದಾರೆ?"

"ಬೇಲಿ ಬಿಟ್ಟು ಹೋಗೋರು ತೆಗೆದಿಟ್ಟೇ ಹೋಗ್ತಾರೆ ಸಾರ್. ಇಲ್ಲಾಂದ್ರೆ ಒಳಗೆ ಸಿಕ್ಕ ಮೀನು ಯಾರ ಬಾಯಿಗೂ ಇಲ್ದೆ ಸುಮ್ನೆ ಸಾಯುತ್ತೆ."

"ಇದನ್ನ ನೂರಾರು ವರ್ಷದಿಂದ ಯಾರೂ ಬಳಸ್ತಿಲ್ಲ ಅಂತಾರಲ್ಲ?"

ದೋಣಿಯವನು ಸಂಶೋಧಕಿಯ ಕಡೆ ನೋಡಿದ. "ಅವರು ಅಂತಾರೆ," ಎಂದ.

ಮುಂದಿನದನ್ನು ಅವನ ಬಾಯಿಂದ ಹೊರಡಿಸಲು ಅರ್ಧ ಗಂಟೆ ಹಿಡಿಯಿತು. ಬೇಲಿ ಕಟ್ಟುವ ಮನೆಗಳು ಒಂದೊಂದಾಗಿ ಬಲೆಗೆ, ಯಂತ್ರದ ದೋಣಿಗೆ ಹೊರಳಿದ್ದವು. ಉಳಿದದ್ದು ಒಂದೇ ಮನೆ. ಆ ಮನೆಯ ಯಜಮಾನ ತೀರಿಹೋಗಿ ಒಂಬತ್ತು ತಿಂಗಳಾಗಿತ್ತು, ಹೆಂಡತಿ ಒಬ್ಬಳೇ ಇದ್ದಳು. ಇತ್ತ ಸಂಶೋಧಕಿ ಅನುಮತಿ ಕೇಳಿ ಚಪ್ಪಟೆ ಕಲ್ಲನ್ನು ಮೊದಲಿನಂತೆ ತೊಟ್ಟಿಯ ಬಾಯಿಗೆ ಇಡಿಸಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಗಡಿಯಾರ ಗೊಣಗಿದ.

ಮಧ್ಯಾಹ್ನ ಮೂರು ಹತ್ತಕ್ಕೆ ಆ ಮನೆ ತಲುಪಿದರು. ಹಿತ್ತಿಲ ನೀರಿನ ತೊಟ್ಟಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಚೀಲ ಸರಿಸಿದರೆ ಕೆಸರುನೀರಿನಲ್ಲಿ ಮುಳುಗಿಸಿಟ್ಟ ಕಪ್ಪು ಗೂಟಗಳು, ಎಣಿಸಿದರೆ ಸರಿಯಾಗಿ ಇಪ್ಪತ್ತಾರು. ಒಣಗಿದರೆ ಬಿರಿಯುತ್ತವೆ ಎಂದು ಬೆಳಿಗ್ಗೆಯಿಂದ ಅಳುಮೋರೆ ಹಾಕಿದ್ದ ಸಂಶೋಧಕಿ ಬಾಯಿ ತೆರೆದು ನಿಂತಳು. ಅರವತ್ತೆಂಟರ ಮುದುಕಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅವಳ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

"ಕಿತ್ತಿದ್ದು ಯಾರಮ್ಮ?"

"ನಾನೇ."

"ಒಬ್ರೇನಾ?"

"ತಿರುಗಿಸಿ ಎಳೆದ್ರೆ ಬರುತ್ತೆ. ಕಟ್ಟಿ ನೀರಿಗೆ ಬಿಟ್ಟೆ, ಏರೋ ನೀರೇ ಹೊತ್ಕೊಂಡು ಬಂತು."

"ಯಾಕೆ ಕಿತ್ತಿರಿ?"

"ನನ್ನ ಗಂಡ ಹೊಡೆದ ಗೂಟ. ಹೋದ ವರ್ಷ ಹೊಡೆದಿದ್ದು."

ಸಂಶೋಧಕಿ ಸಾಧ್ಯವೇ ಇಲ್ಲ ಎಂದಳು. ಇನ್‌ಸ್ಪೆಕ್ಟರ್ ಒಂದು ಗೂಟವೆತ್ತಿ ಮೊನೆಯನ್ನು ಚಾಕುವಿನಿಂದ ಕೆರೆದ. ಕೂದಲೆಳೆಯಷ್ಟು ಕಪ್ಪಿನ ಕೆಳಗೆ ಹಸಿ ಹಳದಿ ಮರ. ವಯಸ್ಸು ತಿಳಿಯಲು ಪ್ರಯೋಗಾಲಯಕ್ಕೆ ಎಷ್ಟು ಗೂಟಗಳ ಚೂರು ಕಳಿಸಿದ್ದಿರಿ ಎಂದು ಕೇಳಿದ. ಮೂರು, ಮೂರೂ ಬಲಗಡೆಯವು ಎಂದು ಅವಳು ತಡವರಿಸಿದಳು. ಕೆಸರು ಯಾವ ಮರವನ್ನಾದರೂ ವರ್ಷದಲ್ಲಿ ಕಪ್ಪಾಗಿಸುತ್ತದೆಂಬುದು ದೋಣಿಯವನಿಗೂ ಗೊತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಮುದುಕಿ ಮಾತ್ರ ಕೇಳದಿದ್ದರೂ ಹೇಳಲು ಮೂರು ಸಲ ಸಂಶೋಧಕಿಯ ತಂಡದ ಶಿಬಿರಕ್ಕೆ ಹೋಗಿದ್ದಳು. ಎರಡು ಸಲ ಕೂರಿಸಿ ಚಹಾ ಕೊಟ್ಟು ಕಳಿಸಿದ್ದರು. ಮೂರನೆಯ ಸಲ, ಅಜ್ಜಿ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಫೋಟೋಗೆ ಅಡ್ಡ ಬರ್ತೀರಿ ಎಂದಿದ್ದರು. ಆಮೇಲೆ ಫಲಕ ನೆಟ್ಟರು: ಶತಮಾನಗಳ ಹಿಂದೆ ಕೈಬಿಟ್ಟ ಮೀನುಬೇಲಿ, ಪ್ರವೇಶ ನಿಷಿದ್ಧ.

"ಸತ್ತು ಒಂಬತ್ತೇ ತಿಂಗಳು ಸಾಹೇಬ್ರೇ," ಎಂದಳು ಮುದುಕಿ. ದನಿ ಏರಿಸಲಿಲ್ಲ. "ನನ್ನ ಗಂಡನ್ನ ಒಂಬೈನೂರು ವರ್ಷ ಹಿಂದಕ್ಕೆ ತಳ್ಳಿಬಿಟ್ರು. ಹಳೇದು ಅವರದ್ದೇ ಆಗ್ಲಿ, ನಾನು ಮುಟ್ಟಿಲ್ಲ. ಇದು ನಮ್ಮದು."

ಒಳಗೆ ಹೋಗಿ ಡಬ್ಬಿಯೊಂದನ್ನು ತಂದು ಸಂಶೋಧಕಿಯ ಕೈಗಿಟ್ಟಳು. ಅದರಲ್ಲಿ ಶಿಬಿರದವರು ಗೂಟಗಳಿಗೆ ಕಟ್ಟಿದ್ದ, ಸಂಖ್ಯೆ ಬರೆದ ಇಪ್ಪತ್ತಾರು ಪ್ಲಾಸ್ಟಿಕ್ ಚೀಟಿಗಳು, ತೊಳೆದು ಒರೆಸಿದವು. "ಇದು ನಿಮ್ಮದು."

ಇನ್‌ಸ್ಪೆಕ್ಟರನ ಕೋಪ ಈಗ ಎಲ್ಲಿ ಇಳಿಯಬೇಕೆಂದು ತಿಳಿಯದೆ ಕುದಿಯಿತು. ಮೇಲಧಿಕಾರಿಗೆ ಫೋನ್ ಮಾಡಿದ. ಗೂಟ ಹೋದ ವರ್ಷದ್ದೋ ಹೋದ ಜನ್ಮದ್ದೋ, ಕಿತ್ತದ್ದು ಸಂರಕ್ಷಿತ ಗಡಿಯೊಳಗೆ, ಬಂಧಿಸಿ ಎಂದು ಅತ್ತಲಿಂದ ಉತ್ತರ ಬಂತು. ನಾಲ್ಕು ಐವತ್ತಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಮುದುಕಿ ಒಂದೇ ಮಾತು ಕೇಳಿದಳು.

"ತೊಟ್ಟಿ ಬಾಯಿ ತೆಗೆದೇ ಇದೆಯಲ್ವಾ?"

ಸಂಶೋಧಕಿ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ಠಾಣೆಗೆ ಬಂದು ಕೇಸ್ ಡೈರಿ ತೆರೆದ. ಕಾರಣ ಎಂಬಲ್ಲಿ ಬರೆದ: ಆರೋಪಿ ತನ್ನ ಬೇಲಿಯನ್ನು ಕೈಬಿಟ್ಟಿರಲಿಲ್ಲ, ಅದನ್ನು ಹೇಳಲು ಮೂರು ಸಲ ಹೋಗಿದ್ದರೂ ಯಾರೂ ಬರೆದುಕೊಳ್ಳಲಿಲ್ಲ.

ರಾತ್ರಿ ಏಳು ಮೂವತ್ತೈದಕ್ಕೆ ನೀರು ಪೂರ್ತಿ ಇಳಿದಾಗ ಅವನು ಬೂಟು ಬಿಚ್ಚಿ ಕೆಸರಿಗಿಳಿದ. ತೊಟ್ಟಿಯಲ್ಲಿ ಐದಾರು ಮೀನು ಪಟಪಟ ಬಡಿದುಕೊಳ್ಳುತ್ತಿದ್ದವು. ಕಲ್ಲೆತ್ತಿ ಬಂಡೆಗೆ ಒರಗಿಸಿದ. ದಡದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಗಡಿಯಾರ, ಸಮಯ ಬರೆದಿದ್ದೇನೆ ಸಾರ್, ಕಲ್ಲು ಸರಿಸಿದ್ದು ಯಾರು ಅಂತ ಬರೀಲಿ ಎಂದು ಮೆಲ್ಲಗೆ ಕೇಳಿದ.

"ನಾನೇ ಅಂತ ಬರಿ," ಎಂದ ಇನ್‌ಸ್ಪೆಕ್ಟರ್.